ಕುದಿಯೋ ಸ್ಪಿಟ್‌ಫೈರ್: ಎಂಜಿನ್ ಹೀಟ್ ಆಗೋ ಕಾರಣ ಹುಡುಕಿದ ಕಥೆ

ನನ್ನ ಟ್ರಯಂಫ್ ಸ್ಪಿಟ್‌ಫೈರ್ ಕೊನೆಗೂ ಕುದಿಯೋದನ್ನು ಬಿಟ್ಟಿದೆ. ಈ ಸಲದ ಬೇಸಿಗೆ ಪೂರ್ತಿ ಇದಕ್ಕೇ ಹೋಯಿತು. ಇಂಗ್ಲೆಂಡಿನ ಬೇಸಿಗೆ ಅಂದರೆ ಎಷ್ಟು ಮಹಾ, ಬಂತು ಅನ್ನುವಷ್ಟರಲ್ಲಿ ಮುಗಿದಿರುತ್ತದೆ. ಅಂಥದ್ದರಲ್ಲಿ ಟಾಪ್ ಇಳಿಸಿಕೊಂಡು ಓಡಿಸಬೇಕಾದ ಕಾರು ಮನೆ ಮುಂದೆ ಸುಮ್ನೆ ನಿಂತಿದ್ದರೆ ಹೊಟ್ಟೆ ಉರಿಯದೆ ಇರುತ್ತಾ? ಹಳೇ ಎಂಜಿನ್ ಹೀಟ್ ಆದರೆ ಎಲ್ಲಿಂದ ಶುರು ಮಾಡಬೇಕು ಅಂತ ಕನ್ನಡದಲ್ಲಿ ಹುಡುಕಿದೆ, ನನಗೆ ಬೇಕಾದ್ದು ಸಿಗಲಿಲ್ಲ. ಅದಕ್ಕೇ ನಾನೇ ಬರೆಯುತ್ತಿದ್ದೇನೆ. ನಿಮ್ಮದು ಫಿಯೆಟ್ಟೋ ಹೆರಾಲ್ಡೋ ಎಂಜಿಯೋ ಆಗಿದ್ದರೂ ಇದರಲ್ಲಿ ಮುಕ್ಕಾಲು ಪಾಲು ಹೊಂದುತ್ತದೆ.

ಕಾರಿನ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ. ಇದು 1973ರ ಮಾರ್ಕ್ 4, 1296 ಸಿಸಿ ಎಂಜಿನ್, ಎರಡು ಎಸ್‌ಯು ಕಾರ್ಬ್ಯುರೇಟರ್, ಬಣ್ಣ ಮಿಮೋಸಾ ಹಳದಿ. ನಾವಿರೋದು ಕೊವೆಂಟ್ರಿಯಲ್ಲಿ. ಈ ಕಾರು ಹುಟ್ಟಿದ್ದೂ ಇದೇ ಊರಿನ ಕ್ಯಾನ್ಲಿ ಕಾರ್ಖಾನೆಯಲ್ಲಿ. 1962ರಿಂದ 1980ರವರೆಗೆ ಸ್ಪಿಟ್‌ಫೈರ್ ಮಾಡಿದರು. ವಿನ್ಯಾಸ ಇಟಲಿಯ ಜೊವಾನ್ನಿ ಮಿಕೆಲೊಟ್ಟಿಯದು. ನಮ್ಮ ಊರಿನ ಹಿರಿಯರಿಗೆ ಇವನ ಕೆಲಸ ಗೊತ್ತು, ಹೆಸರು ಗೊತ್ತಿಲ್ಲ ಅಷ್ಟೇ. ಟ್ರಯಂಫ್ ಹೆರಾಲ್ಡ್ ಕಾರನ್ನು ವಿನ್ಯಾಸ ಮಾಡಿದ್ದೂ ಇವನೇ, ಅದನ್ನೇ ಮದರಾಸಿನಲ್ಲಿ 1961ರಿಂದ ಸ್ಟ್ಯಾಂಡರ್ಡ್ ಹೆರಾಲ್ಡ್ ಅಂತ ಮಾಡಿದರು. ಸ್ಪಿಟ್‌ಫೈರ್ ಅಡಿಯಲ್ಲಿರೋ ಚಾಸಿ ಹೆರಾಲ್ಡ್‌ದರಿಂದಲೇ ಬಂದದ್ದು, ಎಂಜಿನ್ ಕೂಡ ಒಂದೇ ವಂಶ. ಮೈಸೂರಲ್ಲಿ ನನ್ನ ಸೋದರಮಾವನ ಗ್ಯಾರೇಜಿಗೆ ಹೆರಾಲ್ಡ್‌ಗಳು ಸಾಲಾಗಿ ಬರುತ್ತಿದ್ದವು, ಅವರ ಸ್ವಂತದ್ದೂ ಒಂದಿತ್ತು. ಚಾಮುಂಡಿ ಬೆಟ್ಟ ಹತ್ತುವಾಗ ನಂದಿ ಹತ್ತಿರ ನಿಲ್ಲಿಸಿ ಅದಕ್ಕೆ ನೀರು ಕುಡಿಸೋದು ನಮಗೆಲ್ಲ ಮಾಮೂಲಿ. ಹಾಗಾಗಿ ಬಾನೆಟ್ ಒಳಗೆ ಕೈ ಹಾಕೋಕೆ ನನಗೆ ಹೆದರಿಕೆ ಇರಲಿಲ್ಲ.

ಕಾರು ಕೈಕೊಟ್ಟಿದ್ದು ಜೂನ್‌ನಲ್ಲಿ. ಸ್ಟ್ರಾಟ್‌ಫರ್ಡ್ ದಾಟಿ ಬ್ರಾಡ್‌ವೇ ಊರಿನಿಂದ ಮೇಲಕ್ಕೆ ಹೋಗೋ ಎ44 ರಸ್ತೆಗೆ ಫಿಶ್ ಹಿಲ್ ಅಂತಾರೆ. ಉದ್ದ ಏರು. ಅಲ್ಲಿಗೆ ಬರೋವರೆಗೆ ಮೀಟರ್ ಮುಳ್ಳು ಮಧ್ಯಕ್ಕಿಂತ ಸ್ವಲ್ಪ ಮೇಲಿತ್ತು, ಏರಿನ ಅರ್ಧದಲ್ಲಿ ಕೆಂಪಿಗೆ ಹೋಯಿತು. ಪಕ್ಕಕ್ಕೆ ನಿಲ್ಲಿಸಿದೆ, ಬಾನೆಟ್ ಸಂದಿಯಿಂದ ಹಬೆ, ಓವರ್‌ಫ್ಲೋ ಬಾಟಲಿಯಿಂದ ನೀರು ಬುಸುಬುಸು ಅಂತ ರಸ್ತೆಗೆ. ಯಾರೋ ಪುಣ್ಯಾತ್ಮ ಕಾರು ನಿಲ್ಲಿಸಿ "ಕ್ಯಾಪ್ ತೆಗೆಯಿರಿ" ಅಂದ. ಖಂಡಿತ ತೆಗೆಯಬೇಡಿ. ಒಳಗೆ ಪ್ರೆಶರ್ ಇರುವಾಗ ನೂರು ಡಿಗ್ರಿ ದಾಟಿದ ನೀರು ಸುಮ್ಮನೆ ಕೂತಿರುತ್ತದೆ, ಕ್ಯಾಪ್ ಸಡಿಲ ಆದ ಕ್ಷಣ ಅಷ್ಟೂ ಒಟ್ಟಿಗೆ ಕುದಿದು ಮುಖಕ್ಕೆ ಹಾರುತ್ತದೆ. ಮೇಲಿನ ಹೋಸ್ ಪೈಪನ್ನು ಕೈಯಲ್ಲಿ ಹಿಡಿದು ಹಿಸುಕುವಷ್ಟು ಆರಿದ ಮೇಲೆ ಮಾತ್ರ ಕ್ಯಾಪ್ ಮುಟ್ಟಬೇಕು. ಸುಡುತ್ತಿರೋ ಎಂಜಿನ್‌ಗೆ ಗಡಿಬಿಡಿಯಲ್ಲಿ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡಬಹುದು, ಅದೂ ಬೇಡ.

ಬ್ರೇಕ್‌ಡೌನ್ ಗಾಡಿಗೆ ಫೋನ್ ಮಾಡಿ ಕಾಯುತ್ತಾ ಕೂತೆ. ಮಧ್ಯಾಹ್ನ ಹೋಗಿ ಸಂಜೆಯಾಯಿತು. ಇನ್ಶೂರೆನ್ಸ್ ಜೊತೆ ರಿಕವರಿ ಸೇರಿದೆಯಾ, ಮನೆವರೆಗೂ ತಂದು ಬಿಡುತ್ತಾರಾ ಅಥವಾ ಹತ್ತಿರದ ಗ್ಯಾರೇಜಿಗೆ ಮಾತ್ರವಾ, ಎಷ್ಟು ಮೈಲಿವರೆಗೆ, ಇದನ್ನು ಮನೆಯಲ್ಲಿ ಕೂತು ಓದಿಕೊಳ್ಳಿ. ರಸ್ತೆ ಬದಿಯಲ್ಲಿ ಫೋನ್ ಚಾರ್ಜ್ ಹತ್ತು ಪರ್ಸೆಂಟ್ ಇರುವಾಗ ಓದೋ ವಿಷಯ ಅಲ್ಲ ಅದು. ನನ್ನದರಲ್ಲಿ ಮನೆವರೆಗೂ ಇತ್ತು, ದುಡ್ಡು ಉಳಿಯಿತು. ಗಾಡಿ ತಂದವನು ಬಾನೆಟ್ ಕೂಡ ಎತ್ತಲಿಲ್ಲ. "ಹೆಡ್ ಗ್ಯಾಸ್ಕೆಟ್" ಅಂದ. ಎಂಜಿನ್ನಿನ ಕೆಳಭಾಗವಾದ ಬ್ಲಾಕಿಗೂ ಮೇಲಿನ ಹೆಡ್‌ಗೂ ಮಧ್ಯೆ ಕೂರೋ ಸೀಲು ಅದು.

ಆಮೇಲೆ ಯಾರನ್ನು ಕೇಳಿದರೂ ಅದೇ ಪದ. ಹತ್ತಿರದ ಒಂದು ಗ್ಯಾರೇಜಿಗೆ ಹೋದರೆ ಅಲ್ಲಿಯ ಮೆಕ್ಯಾನಿಕ್ ನಾನು ಕೇಳಿದ ಪ್ರಶ್ನೆಗೆಲ್ಲ ನನ್ನ ಗಂಡನ ಮುಖ ನೋಡಿ ಉತ್ತರ ಕೊಟ್ಟ. ಪಾಪ, ನನ್ನ ಗಂಡನಿಗೆ ಪೆಟ್ರೋಲ್ ಮುಚ್ಚಳ ಯಾವ ಕಡೆ ಇದೆ ಅಂತಲೂ ಸರಿಯಾಗಿ ಗೊತ್ತಿಲ್ಲ. ಹೆಡ್ ಬಿಚ್ಚಿ ಗ್ಯಾಸ್ಕೆಟ್ ಹಾಕೋಕೆ 900 ಪೌಂಡ್ ಅಂದರು. ಯಾವ ಪರೀಕ್ಷೆ ಮಾಡಿ ಹೇಳುತ್ತಿದ್ದೀರಿ ಅಂದೆ. "ಈ ಹಳೇ ಕಾರುಗಳದ್ದು ಯಾವಾಗಲೂ ಅದೇ" ಅಂದರು. ಥ್ಯಾಂಕ್ಸ್ ಹೇಳಿ ಹೊರಟು ಬಂದೆ. ಅಳತೆ ಮಾಡದೆ ಏನೂ ಬಿಚ್ಚಬಾರದು, ಒಂದು ಸಲಕ್ಕೆ ಒಂದೇ ಬದಲಾವಣೆ ಅಂತ ಅವತ್ತೇ ತೀರ್ಮಾನ ಮಾಡಿದೆ.

ಮೊದಲು ಕಾಗದಪತ್ರ. ಹಳೇ ಕಾರು ಕೊಳ್ಳುವಾಗ ಹಿಂದಿನ ಮಾಲೀಕರು ಒಂದು ಫೈಲ್ ಕೊಡುತ್ತಾರಲ್ಲ, ರಸೀದಿ, ಹಳೇ ಎಂಒಟಿ (ಇಲ್ಲಿ ವರ್ಷಕ್ಕೊಮ್ಮೆ ಮಾಡೋ ಫಿಟ್‌ನೆಸ್ ಪರೀಕ್ಷೆ) ಸರ್ಟಿಫಿಕೇಟು, ಎಣ್ಣೆ ಮೆತ್ತಿದ ಚೀಟಿಗಳು, ಅದನ್ನು ಒಂದು ಸಂಜೆ ಪೂರ್ತಿ ಓದಿ. ನನ್ನ ಫೈಲಿನಲ್ಲಿ ಕ್ಲಚ್ ರಸೀದಿ ಇತ್ತು, ಟೈರ್ ರಸೀದಿ ಇತ್ತು. ಮಧ್ಯೆ ಎರಡು ಕಡೆ ರೇಡಿಯೇಟರ್ ಸೋರಿಕೆ ನಿಲ್ಲಿಸೋಕೆ ನೀರಿಗೆ ಸುರಿಯೋ ದ್ರಾವಣದ ಬಿಲ್ ಇತ್ತು. ರೇಡಿಯೇಟರ್ ರಿಪೇರಿ ಮಾಡಿಸಿದ ಬಿಲ್ ಮಾತ್ರ ಎಲ್ಲೂ ಇಲ್ಲ. ಅದಕ್ಕೆ ಪೆನ್ಸಿಲ್ ಗುರುತು ಹಾಕಿ ಇಟ್ಟೆ.

ಎಂಜಿನ್ ನಂಬರನ್ನೂ ವಿ5ಸಿ ಜೊತೆ ತಾಳೆ ನೋಡಿ. ವಿ5ಸಿ ಅಂದರೆ ಇಲ್ಲಿಯ ಆರ್‌ಸಿ ಪುಸ್ತಕ ಇದ್ದ ಹಾಗೆ. ಮಾರ್ಕ್ 4 ಎಂಜಿನ್ ನಂಬರ್ ಎಫ್‌ಎಚ್ ಅಂತ ಶುರುವಾಗುತ್ತದೆ. ಎಷ್ಟೋ ಸ್ಪಿಟ್‌ಫೈರ್‌ಗಳಲ್ಲಿ ಬೇರೆ ಟ್ರಯಂಫ್ ಕಾರಿನ ಎಂಜಿನ್ ಕೂರಿಸಿರುತ್ತಾರೆ. ಹಾಗಿದ್ದರೆ ಯಾವ ಗ್ಯಾಸ್ಕೆಟ್, ಯಾವ ಪಂಪ್ ಅನ್ನೋದರಿಂದಲೇ ಗೊಂದಲ ಶುರು. ಬಿಡಿಭಾಗದ ಅಂಗಡಿಯವರು ಕಮಿಷನ್ ನಂಬರ್, ಅಂದರೆ ಕಾರ್ಖಾನೆ ಆ ಕಾರಿಗೆ ಕೊಟ್ಟ ನಂಬರ್ ಕೇಳುತ್ತಾರೆ, ಅದು ಕಾರಿನ ತಗಡಿನ ಪಟ್ಟಿಯ ಮೇಲಿರುತ್ತದೆ, ಫೋಟೋ ತೆಗೆದು ಫೋನಲ್ಲಿ ಇಟ್ಟುಕೊಳ್ಳಿ. ಇನ್ನೊಂದು ವಿಷಯ. ನಲವತ್ತು ವರ್ಷ ದಾಟಿದ, ದೊಡ್ಡ ಬದಲಾವಣೆ ಮಾಡದ ಕಾರಿಗೆ ಇಲ್ಲಿ 2018ರಿಂದ ಎಂಒಟಿ ಪರೀಕ್ಷೆ ಕಡ್ಡಾಯ ಅಲ್ಲ. ಅಂದರೆ ವರ್ಷಕ್ಕೊಮ್ಮೆ ಬೇರೆಯವರು ಕೆಳಗೆ ಹೊಕ್ಕು ನೋಡೋದೂ ತಪ್ಪಿತು, ಎಲ್ಲಾ ನಮ್ಮ ತಲೆ ಮೇಲೇ.

ಈಗ ಅಸಲು ಪ್ರಶ್ನೆ: ಎಂಜಿನ್ ನಿಜವಾಗಿಯೂ ಹೀಟ್ ಆಗುತ್ತಿದೆಯಾ? ನಗಬೇಡಿ. ಈ ಕಾರಿನಲ್ಲಿ ಟೆಂಪರೇಚರ್ ಮೀಟರಿಗೂ ಪೆಟ್ರೋಲ್ ಮೀಟರಿಗೂ ಕರೆಂಟ್ ಕೊಡೋದು ಒಂದೇ ಪುಟ್ಟ ಡಬ್ಬಿ, ವೋಲ್ಟೇಜ್ ಸ್ಟೆಬಿಲೈಸರ್. ಅದು ಸರಾಸರಿ 10 ವೋಲ್ಟ್ ಕೊಡಬೇಕು. ಡಬ್ಬಿಯ ಅರ್ಥ್ ತುಕ್ಕು ಹಿಡಿದರೆ ಬ್ಯಾಟರಿಯ ಪೂರ್ತಿ ವೋಲ್ಟೇಜ್ ಹಾದುಬಂದು ಎರಡೂ ಮುಳ್ಳು ಇರೋದಕ್ಕಿಂತ ಜಾಸ್ತಿ ತೋರಿಸುತ್ತವೆ. ನನ್ನ ಕಾರಲ್ಲಿ ಟ್ಯಾಂಕ್ ತುಂಬಿಸಿದಾಗ ಪೆಟ್ರೋಲ್ ಮುಳ್ಳು ಫುಲ್ ಗೆರೆ ದಾಟಿ ಹೋಗಿ ನಿಲ್ಲುತ್ತಿತ್ತು. ಪರವಾಗಿಲ್ಲ, ಧಾರಾಳ ಮನಸ್ಸಿನ ಮೀಟರ್ ಅಂತ ನಾವು ತಮಾಷೆ ಮಾಡುತ್ತಿದ್ದೆವು. ಡ್ಯಾಶ್‌ಬೋರ್ಡ್ ಹಿಂದೆ ಕೈ ಹಾಕಿ ಅಳತೆ ಮಾಡಿದರೆ 10 ಅಲ್ಲ, 12ರ ಮೇಲೆ. ಸುಮಾರು 15 ಪೌಂಡಿಗೆ ಹೊಸ ಎಲೆಕ್ಟ್ರಾನಿಕ್ ಸ್ಟೆಬಿಲೈಸರ್ ಬಂತು. ಅರ್ಥ್ ಕೂರೋ ಜಾಗವನ್ನು ಮರಳು ಕಾಗದದಿಂದ ತಿಕ್ಕಿ ಹಾಕಿದ ಮೇಲೆ ಪೆಟ್ರೋಲ್ ಮುಳ್ಳು ಗೆರೆಗೆ ಬಂದು ನಿಂತಿತು, ಟೆಂಪರೇಚರ್ ಮುಳ್ಳೂ ಒಂದಿಷ್ಟು ಇಳಿಯಿತು. ಆದರೆ ಓವರ್‌ಫ್ಲೋ ಬಾಟಲಿಯಿಂದ ನೀರು ಉಕ್ಕಿದ್ದು ಮೀಟರಿನ ಭ್ರಮೆ ಅಲ್ಲವಲ್ಲ. ಹೀಟ್ ನಿಜವೇ, ಮುಳ್ಳು ಅದನ್ನು ಇನ್ನಷ್ಟು ದೊಡ್ಡದು ಮಾಡಿ ಹೇಳುತ್ತಿತ್ತು.

ಅದಕ್ಕೇ 20 ಪೌಂಡಿನ ಇನ್‌ಫ್ರಾರೆಡ್ ಥರ್ಮಾಮೀಟರ್ ಒಂದು ತಗೊಂಡೆ. ಗನ್ ಥರ ಹಿಡಿದು ಒತ್ತಿದರೆ ಆ ಜಾಗದ ಬಿಸಿ ತೋರಿಸುತ್ತದೆ. ಈ ಇಡೀ ಕಥೆಯಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದ ವಸ್ತು ಅದೇ. ಒಂದು ಮಾತು ಮಾತ್ರ ನೆನಪಿರಲಿ, ಹೊಳೆಯೋ ಅಲ್ಯೂಮಿನಿಯಂ ಮೇಲೆ ಅದು ಕಡಿಮೆ ತೋರಿಸುತ್ತದೆ. ಥರ್ಮೋಸ್ಟಾಟ್ (ನೀರು ಬಿಸಿಯಾದ ಮೇಲೆ ರೇಡಿಯೇಟರಿಗೆ ದಾರಿ ಬಿಡೋ ವಾಲ್ವ್) ಕೂರೋ ಭಾಗದ ಮೇಲೆ ಒಂದು ತುಂಡು ಕಪ್ಪು ಟೇಪ್ ಅಂಟಿಸಿ ಅದರ ಮೇಲೆ ಹಿಡಿಯಿರಿ.

ಮುಂದಿನದು ಎಲ್ಲರ ಬಾಯಲ್ಲಿದ್ದ ಹೆಡ್ ಗ್ಯಾಸ್ಕೆಟ್. ಇದನ್ನು ಪರೀಕ್ಷಿಸೋ ಕಿಟ್ 25 ಪೌಂಡಿಗೆ ಸಿಗುತ್ತದೆ. ಒಂದು ಪ್ಲಾಸ್ಟಿಕ್ ಕೊಳವೆ, ತುದಿಗೆ ರಬ್ಬರ್ ಬಲ್ಬು, ಒಳಗೆ ನೀಲಿ ದ್ರಾವಣ. ಗ್ಯಾಸ್ಕೆಟ್ ಹೋಗಿದ್ದರೆ ಸಿಲಿಂಡರಿನ ಹೊಗೆ ನೀರಿಗೆ ನುಗ್ಗುತ್ತದೆ, ಆ ಗಾಳಿ ತಾಗಿದರೆ ನೀಲಿ ಹಳದಿ ಆಗುತ್ತದೆ. ಮೊದಲು ನೀರಿನ ಮಟ್ಟ ಸ್ವಲ್ಪ ಇಳಿಸಿಕೊಳ್ಳಿ, ಇಲ್ಲದಿದ್ದರೆ ಕೊಳವೆಗೆ ನೀರೇ ಎಳೆದುಕೊಂಡು ದ್ರಾವಣ ಹಾಳಾಗುತ್ತದೆ. ಎಂಜಿನ್ ಬಿಸಿಯಾಗೋವರೆಗೆ ಓಡಿಸಿ, ಬಲ್ಬು ಒತ್ತುತ್ತಾ ಕೂತೆ. ಗುಳ್ಳೆ ಏಳುತ್ತವೆ, ನೀಲಿ. ಮತ್ತೆ ಒತ್ತು, ನೀಲಿ. ಎದೆ ಹೊಡೆದುಕೊಳ್ಳುತ್ತಿತ್ತು, ಏನೋ ಮೆಡಿಕಲ್ ರಿಪೋರ್ಟ್‌ಗೆ ಕಾಯೋರ ಹಾಗೆ. ಕಿಟ್ ಸರಿ ಇದೆಯಾ ಅಂತ ಅನುಮಾನ ಬಂದು ಅದನ್ನೇ ಸೈಲೆನ್ಸರ್ ಪೈಪಿನ ಬಾಯಿಗೆ ಹಿಡಿದೆ, ತಕ್ಷಣ ಹಳದಿಗೆ ತಿರುಗಿತು. ಅಂದರೆ ದ್ರಾವಣ ಸರಿ ಇದೆ, ಗ್ಯಾಸ್ಕೆಟ್ಟೂ ಸರಿ ಇದೆ. ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ ಕೂಡ ನೋಡಿದೆ, ನಾಲ್ಕೂ ಸಿಲಿಂಡರ್ 160 ಪಿಎಸ್‌ಐ (ಒತ್ತಡದ ಅಳತೆ) ಆಚೀಚೆ, ಯಾವುದೂ ಹಿಂದೆ ಬಿದ್ದಿಲ್ಲ. 900 ಪೌಂಡ್ ಉಳಿಯಿತು. ಅವತ್ತು ರಾತ್ರಿ ಬಿಸಿಬೇಳೆಬಾತ್ ಮಾಡಿದೆ.

ಪ್ರೆಶರ್ ಕ್ಯಾಪ್ ಪರೀಕ್ಷೆಗೆ ಹಳೇ ಕಾರಿನ ಗೆಳೆಯರೊಬ್ಬರು ಟೆಸ್ಟರ್ ಎರವಲು ಕೊಟ್ಟರು. ಈ ಕಾರಿಗೆ 13 ಪಿಎಸ್‌ಐ ಕ್ಯಾಪ್ ಬೇಕು. ನನ್ನದು 5 ದಾಟುತ್ತಿದ್ದ ಹಾಗೆ ಬಿಡುತ್ತಿತ್ತು. 13 ಪಿಎಸ್‌ಐ ಒತ್ತಡದಲ್ಲಿ ನೀರು ಸುಮಾರು 120 ಡಿಗ್ರಿವರೆಗೆ ಕುದಿಯೋದಿಲ್ಲ, ಒತ್ತಡ ನಿಲ್ಲದಿದ್ದರೆ ಬೇಗ ಕುದಿದು ಉಕ್ಕುತ್ತದೆ, ಉಕ್ಕಿದರೆ ನೀರು ಕಡಿಮೆ, ಕಡಿಮೆಯಾದರೆ ಇನ್ನೂ ಹೀಟ್. 8 ಪೌಂಡಿಗೆ ಹೊಸ ಕ್ಯಾಪ್. ಇದರಿಂದ ಉಕ್ಕೋದು ನಿಂತಿತು, ಹೀಟ್ ನಿಲ್ಲಲಿಲ್ಲ. ಜಾಸ್ತಿ ಪಿಎಸ್‌ಐ ಕ್ಯಾಪ್ ಹಾಕಿ ಅಂತ ಸಲಹೆ ಕೊಡೋರಿದ್ದಾರೆ. ಹಳೇ ರೇಡಿಯೇಟರಿನ ಬೆಸುಗೆ, ಹೀಟರ್ ಪೈಪು ಇವನ್ನೆಲ್ಲ ನೆನೆಸಿಕೊಂಡು ಬೇಕಾದರೆ ಹಾಕಿ, ನಾನಂತೂ ಹಾಕೋದಿಲ್ಲ.

ಥರ್ಮೋಸ್ಟಾಟ್ ಪರೀಕ್ಷೆ ಅಡುಗೆಮನೆಯಲ್ಲಿ. ಹಾಲಿನ ಪಾತ್ರೆಯಲ್ಲಿ ನೀರಿಟ್ಟು, ಥರ್ಮೋಸ್ಟಾಟ್‌ಗೆ ದಾರ ಕಟ್ಟಿ ತಳ ಮುಟ್ಟದ ಹಾಗೆ ಇಳಿಬಿಟ್ಟೆ, ಪಕ್ಕದಲ್ಲಿ ಥರ್ಮಾಮೀಟರ್. 82 ಅಂತ ಅದರ ಮೇಲೇ ಅಚ್ಚು ಇರುತ್ತದೆ. 80 ದಾಟುವವರೆಗೆ ಏನೂ ಇಲ್ಲ, ಆಮೇಲೆ ಮಧ್ಯದ ತಟ್ಟೆ ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಕೆಳಗೆ ಸರಿದು, ಒಂದು ಕ್ಷಣ ಬೇರೆ ಕಡೆ ನೋಡಿ ತಿರುಗಿದರೆ ಪೂರ್ತಿ ಬಾಯಿ ತೆರೆದಿತ್ತು. ಸರಿಯಾಗಿದೆ, ವಾಪಸ್ ಹಾಕು. ಆ ಪಾತ್ರೆಯನ್ನು ಗಂಡ ಗ್ಯಾರೇಜಿಗೆ ದಾನ ಮಾಡಿಬಿಟ್ಟ, ಅದರಲ್ಲಿ ಕಾಸಿದ ಹಾಲು ಕುಡಿಯೋದಿಲ್ಲವಂತೆ.

ಇಷ್ಟಾದ ಮೇಲೆ ಉಳಿದಿದ್ದು ಎಲ್ಲಕ್ಕಿಂತ ಮುಖ್ಯ ಪ್ರಶ್ನೆ, ಯಾವಾಗ ಹೀಟ್ ಆಗುತ್ತದೆ? ನಿಂತ ಟ್ರಾಫಿಕ್‌ನಲ್ಲಿ ಹೀಟ್ ಆಗಿ ಓಡಿದಾಗ ಇಳಿದರೆ ಗಾಳಿ ಸಾಲದು, ಫ್ಯಾನ್ ಕಡೆ ನೋಡಬೇಕು. ನಿಂತಾಗ ಸರಿಯಿದ್ದು ವೇಗದಲ್ಲಿ, ಏರಿನಲ್ಲಿ ಹೀಟ್ ಆದರೆ ನೀರು ಸರಿಯಾಗಿ ಸುತ್ತುತ್ತಿಲ್ಲ, ಅಥವಾ ರೇಡಿಯೇಟರ್ ಕಟ್ಟಿದೆ, ಅಥವಾ ಇಗ್ನಿಷನ್ ಟೈಮಿಂಗ್ (ಪ್ಲಗ್ ಕಿಡಿ ಹಾರಿಸೋ ಸಮಯ) ಹಿಂದೆ ಬಿದ್ದಿದೆ, ಅಥವಾ ಪೆಟ್ರೋಲ್ ಮಿಶ್ರಣ ತೀರಾ ತೆಳುವಾಗಿದೆ. ಒಂದು ಪುಸ್ತಕ ಇಟ್ಟುಕೊಂಡು ಬರೆಯುತ್ತಾ ಹೋದೆ. ಕೆನಿಲ್‌ವರ್ತ್ ಪೇಟೆಯ ಟ್ರಾಫಿಕ್‌ನಲ್ಲಿ ಆರಾಮ. ಎ46ರಲ್ಲಿ ಗಂಟೆಗೆ 60 ಮೈಲಿ ಹೋದರೆ ಸ್ವಲ್ಪ ಹೊತ್ತಿಗೇ ಏರುತ್ತದೆ, ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಓಡುತ್ತಿರುವಾಗಲೇ ಟೇಪಿನ ಮೇಲೆ ಗನ್ ಹಿಡಿದರೆ ನೂರು ದಾಟಿರುತ್ತದೆ. ಎಂಜಿನ್ ಆಫ್ ಮಾಡಿದ ಮೇಲೆ ಅಳೆಯಬೇಡಿ, ಆಗ ನೀರು ಸುತ್ತೋದಿಲ್ಲ, ಬಿಸಿ ಮೇಲೇರೋದು ಸಹಜ.

ಎಲೆಕ್ಟ್ರಿಕ್ ಫ್ಯಾನ್ ಹಾಕಿಸಿಕೊಳ್ಳಿ ಅಂತ ತುಂಬಾ ಜನ ಹೇಳಿದ್ದರು. ಮಾರ್ಕ್ 4ರಲ್ಲಿ ಫ್ಯಾನ್ ನೇರ ಕ್ರ್ಯಾಂಕ್‌ಶಾಫ್ಟ್ ತುದಿಗೇ ಬೋಲ್ಟ್ ಆಗಿದೆ, ಎಂಜಿನ್ ತಿರುಗಿದರೆ ಅದೂ ತಿರುಗಲೇಬೇಕು, ಬೆಲ್ಟ್ ಕಿತ್ತರೂ ನಿಲ್ಲೋದಿಲ್ಲ. 60 ಮೈಲಿ ವೇಗದಲ್ಲಿ ಗಾಳಿ ತಾನೇ ನುಗ್ಗುತ್ತಿರುವಾಗ ಇನ್ನೊಂದು ಫ್ಯಾನ್ ಯಾಕೆ? ನನ್ನ ರೋಗಕ್ಕೆ ಅದು ಮದ್ದೇ ಅಲ್ಲ. ಟೈಮಿಂಗನ್ನು ಸ್ಟ್ರೋಬ್ ದೀಪದಲ್ಲಿ ನೋಡಿದೆ, ಸರಿ ಇತ್ತು. ಸ್ಪಾರ್ಕ್ ಪ್ಲಗ್ಗುಗಳ ತುದಿ ಬಿಸ್ಕತ್ತಿನ ಬಣ್ಣ, ಬಿಳಿಚಿಕೊಂಡಿಲ್ಲ, ಹಾಗಾಗಿ ಮಿಶ್ರಣದ ಮೇಲೂ ಅನುಮಾನ ಹೋಯಿತು. ಕೆಳಗಿನ ಹೋಸ್ ಪೈಪು ವೇಗ ಕೊಟ್ಟಾಗ ಒಳಕ್ಕೆ ಚಪ್ಪಟೆಯಾಗುತ್ತಾ ಅಂತಲೂ ನೋಡಿ, ಹಳೇ ರಬ್ಬರ್ ಹಾಗೆ ಮಾಡುತ್ತದೆ. ನನ್ನದು ಆಗುತ್ತಿರಲಿಲ್ಲ.

ಉಳಿದದ್ದು ರೇಡಿಯೇಟರ್. ಸ್ಪಿಟ್‌ಫೈರ್ ಬಾನೆಟ್ ಮುಂದಕ್ಕೆ ಇಡಿಯಾಗಿ ಮಗುಚಿಕೊಳ್ಳುತ್ತದೆ, ಮುಂದಿನ ಟೈರ್ ಮೇಲೆ ಕೂತು ಆರಾಮಾಗಿ ಕೆಲಸ ಮಾಡಬಹುದು. ಇಂಥ ಸುಖ ಈಗಿನ ಯಾವ ಕಾರಿನಲ್ಲೂ ಇಲ್ಲ. ಹಾಗೆ ಕೂತು ರೇಡಿಯೇಟರಿನ ಮೇಲೆ ಗನ್ನನ್ನು ಸಾಲು ಸಾಲಾಗಿ ಆಡಿಸಿದೆ. ಮೇಲಿನಿಂದ ಕೆಳಕ್ಕೆ ಬಿಸಿ ನಿಧಾನವಾಗಿ ಇಳಿಯಬೇಕು. ನನ್ನದರಲ್ಲಿ ಒಂದು ಕಡೆ 85, ಅದರ ಪಕ್ಕದಲ್ಲೇ ಅಂಗೈ ಅಗಲದ ಜಾಗ 40, ಮತ್ತೆ ಆಚೆ 80. ಆ 40 ಇರೋ ಕಡೆ ಕೈ ಇಟ್ಟರೆ ಉಗುರುಬೆಚ್ಚಗೆ. ಅಲ್ಲಿ ನೀರು ಹರಿಯುತ್ತಲೇ ಇಲ್ಲ. ಆ ಎರಡು ಬಿಲ್ಲುಗಳು ನೆನಪಾದವು.

ರೇಡಿಯೇಟರ್ ಬಿಚ್ಚಿ ಹೊಸ ಕೋರ್ (ನೀರು ಹರಿಯೋ ಕೊಳವೆಗಳಿರೋ ಮಧ್ಯದ ಭಾಗ) ಹಾಕೋ ಅಂಗಡಿಗೆ ಕೊಟ್ಟೆ. ಬೇಸಿಗೆಯಲ್ಲಿ ಎಲ್ಲರದ್ದೂ ಕುದಿಯುತ್ತದೆ, ಹಾಗಾಗಿ ಸರತಿ ಉದ್ದ. ವಾರಗಟ್ಟಲೆ ಕಾದೆ. ಖರ್ಚು 260 ಪೌಂಡ್. ಅಗ್ಗದ ಹೊಸ ಅಲ್ಯೂಮಿನಿಯಂ ರೇಡಿಯೇಟರ್‌ಗಳೂ ಸಿಗುತ್ತವೆ. ಆದರೆ ಹಳೇ ಹಿತ್ತಾಳೆ ಟ್ಯಾಂಕುಗಳು ಗಟ್ಟಿಯಾಗಿದ್ದವು, ಕೂರೋ ತೂತುಗಳೂ ಸರಿಹೊಂದುತ್ತವೆ ಅನ್ನೋ ಕಾರಣಕ್ಕೆ ಅದನ್ನೇ ಉಳಿಸಿಕೊಂಡೆ. ತರೋಕೆ ಹೋದಾಗ ಅಂಗಡಿಯವರು ಹಳೇ ಕೋರಿನ ಒಂದು ತುಂಡು ಕತ್ತರಿಸಿ ಇಟ್ಟಿದ್ದರು. ಚಪ್ಪಟೆ ಕೊಳವೆಗಳ ಒಳಗೆ ಬೂದು-ಕಂದು ಪೇಸ್ಟ್, ಉಗುರಲ್ಲಿ ಕೆರೆದರೆ ಒಣಗಿದ ಗಂಧದ ಹಾಗೆ ಪುಡಿಪುಡಿ. ಅರ್ಧದಷ್ಟು ಕೊಳವೆ ಪೂರ್ತಿ ಮುಚ್ಚಿಹೋಗಿತ್ತು.

ಇಲ್ಲಿಗೆ ಮುಗಿಯಿತು ಅಂತ ಅಂದುಕೊಂಡೆ. ಹೊಸ ಕೋರ್, ಹೊಸ ಹೋಸ್ ಪೈಪು, ಹೊಸ ಕೂಲೆಂಟ್, ಎ46ಕ್ಕೆ ಹೊರಟೆ. ಮುಳ್ಳು ಮೊದಲಿಗಿಂತ ಕೆಳಗಿತ್ತು ನಿಜ. ಆದರೆ ನಿಲ್ಲಲಿಲ್ಲ, ನಿಧಾನವಾಗಿ ಏರುತ್ತಲೇ ಹೋಯಿತು. ಸ್ಟಿಯರಿಂಗ್ ಮೇಲೆ ತಲೆ ಇಟ್ಟುಕೊಂಡು ಕೂತುಬಿಟ್ಟೆ. ಮಾರಿಬಿಡೋಣ ಅಂತ ಜಾಹೀರಾತಿನ ಫೋಟೋ ಕೂಡ ತೆಗೆದಿದ್ದೆ, ಸುಳ್ಳು ಯಾಕೆ ಹೇಳಲಿ.

ಅವತ್ತೇ ಮಾವನಿಗೆ ಫೋನ್ ಮಾಡಿದೆ. ಗ್ಯಾರೇಜು ಮುಚ್ಚಿ ಎಷ್ಟೋ ವರ್ಷ ಆಯಿತು, ಆದರೆ ಹೆರಾಲ್ಡ್ ಅಂದರೆ ಸಾಕು, ಎದ್ದು ಕೂರುತ್ತಾರೆ.

"ಥರ್ಮೋಸ್ಟಾಟ್ ಕಿತ್ತು ಬಿಸಾಕು ಪುಟ್ಟಿ. ನಾವು ಎಲ್ಲಾ ಗಾಡೀಲೂ ಕಿತ್ತೇ ಹಾಕ್ತಿದ್ವಿ."

"ಅಯ್ಯೋ ಮಾವ, ಇಲ್ಲಿ ಚಳಿಗಾಲದಲ್ಲಿ ಎಂಜಿನ್ ಬಿಸಿನೇ ಆಗಲ್ಲ ಆಮೇಲೆ. ಅದು ಸರಿಯಾಗೇ ಇದೆ, ಕುದಿಸಿ ನೋಡಿದ್ದೀನಿ."

"ಹೂಂ. ಸರಿ, ಬ್ಲಾಕಿನ ಹಿಂದ್ಗಡೆ ಡ್ರೇನ್ ಪ್ಲಗ್ ಬಿಚ್ಚಿದ್ಯಾ? ನೀರು ಬಂತಾ?"

"ರೇಡಿಯೇಟರ್ ಕಡೆಯಿಂದ ಖಾಲಿ ಮಾಡಿದೆ. ಅದು ಬಿಚ್ಚಿಲ್ಲ."

"ಅದನ್ನ ಬಿಚ್ಚು ಮೊದ್ಲು. ಪಂಪ್ ಮುಂದೆ ಇರತ್ತೆ, ಕೆಸರೆಲ್ಲಾ ಹೋಗಿ ನಾಲ್ಕನೇ ಸಿಲಿಂಡರ್ ಹತ್ರ ಕೂತ್ಕೊಳತ್ತೆ ಕಣೇ. ಹೆರಾಲ್ಡಲ್ಲಿ ಎಷ್ಟು ತೆಗ್ದಿದ್ದೀನಿ ನಾನು."

ಥರ್ಮೋಸ್ಟಾಟ್ ವಿಷಯದಲ್ಲಿ ಮಾವನ ಮಾತು ನಾನು ಒಪ್ಪೋದಿಲ್ಲ. ಎಂಜಿನ್ ತಣ್ಣಗೇ ಓಡುತ್ತಿದ್ದರೆ ಸವೆತ ಜಾಸ್ತಿ, ಪೆಟ್ರೋಲೂ ಜಾಸ್ತಿ. ಆದರೆ ಕೆಸರಿನ ಮಾತು ಕಿವಿಯಲ್ಲೇ ಉಳಿಯಿತು. ಬೆಳಗ್ಗೆ ಎಂಜಿನ್ ಬಿಸಿ ಮಾಡಿ ಬ್ಲಾಕಿನ ಪಕ್ಕಕ್ಕೆ ಮುಂದಿನಿಂದ ಹಿಂದಕ್ಕೆ ಗನ್ ಹಿಡಿಯುತ್ತಾ ಹೋದೆ. ಮುಂದೆ 88. ಹಿಂದೆ ಹೋಗ್ತಾ ಹೋಗ್ತಾ 110 ದಾಟಿತು.

ಆರಿದ ಮೇಲೆ ಪ್ಲಗ್ ಬಿಚ್ಚಿದೆ. ಎಂಜಿನ್ ತುಂಬಾ ನೀರಿದೆ, ತೂತಿನಿಂದ ಒಂದು ಹನಿ ಬರಲಿಲ್ಲ. ಹಳೇ ಸೈಕಲ್ ಚಕ್ರದ ಕಡ್ಡಿಯೊಂದನ್ನು ತೂರಿಸಿ ತಿರುವಿದೆ. ಒದ್ದೆ ಮರಳಿಗೆ ಚುಚ್ಚಿದ ಹಾಗೆ ಕರಕರ ಅಂತು. ಇನ್ನಷ್ಟು ಒತ್ತಿದಾಗ ಮೊದಲು ಕಂದು ನೀರು ತೊಟ್ಟಿಕ್ಕಿತು, ಆಮೇಲೆ ಕಾಫಿ ಚರಟದ ಬಣ್ಣದ ರಾಡಿ ಬೆರಳ ಗಾತ್ರ ಹೊರಗೆ ಬಂತು, ಅದರ ಹಿಂದೆ ತುಕ್ಕಿನ ಚಕ್ಕೆಗಳು. ಎರಕದ ಕಬ್ಬಿಣದ ತುಕ್ಕು, ಗಡಸು ನೀರಿನ ಸುಣ್ಣ, ಆ ಸೋರಿಕೆ ದ್ರಾವಣ, ಎಲ್ಲ ಸೇರಿ ಗಟ್ಟಿಯಾಗಿದ್ದು. ಇಷ್ಟು ವರ್ಷ ಹಿಂದಿನ ಸಿಲಿಂಡರ್ ಸುತ್ತ ನೀರೇ ಇರಲಿಲ್ಲವೇನೋ.

ತೊಳೆಯೋ ಮುಂಚೆ ಹೊಸ ರೇಡಿಯೇಟರ್ ಬಿಚ್ಚಿ ಪಕ್ಕಕ್ಕಿಟ್ಟೆ, ಇಲ್ಲದಿದ್ದರೆ ಈ ಕೆಸರೆಲ್ಲ ಹೊಸ ಕೊಳವೆಗೇ ಹೋಗಿ ಕೂರುತ್ತದೆ. ನೀವು ಮಾಡೋದಾದರೆ ಮೊದಲು ಬ್ಲಾಕ್, ಆಮೇಲೆ ರೇಡಿಯೇಟರ್. ಥರ್ಮೋಸ್ಟಾಟ್ ತೆಗೆದು ಮೇಲಿನಿಂದ ತೋಟದ ಪೈಪಲ್ಲಿ ನೀರು ಬಿಟ್ಟೆ, ಕಡ್ಡಿಯಲ್ಲಿ ಕೆದಕು, ನೀರು ಬಿಡು, ಮತ್ತೆ ಕೆದಕು. ತೂತು ಮತ್ತೆ ಮತ್ತೆ ಕಟ್ಟಿಕೊಳ್ಳುತ್ತಿತ್ತು. ಕೊನೆಗೆ ಹಿಂದಿನ ಕೋರ್ ಪ್ಲಗ್ ಒಂದನ್ನೂ ತೆಗೆದೆ. ಅದು ಬ್ಲಾಕಿನ ಪಕ್ಕದಲ್ಲಿರೋ ತಗಡಿನ ಬಿಲ್ಲೆ, ಹೊಸದಕ್ಕೆ ಪುಡಿಗಾಸು. ಆ ಕಿಂಡಿಯಿಂದ ಕೈಬೆರಳು ಹಾಕಿ ಬಾಚಿದಷ್ಟೂ ಬಂತು. ಸಂಜೆ ಹೊತ್ತಿಗೆ ಪ್ಲಗ್ ತೂತಿನಿಂದ ತಿಳಿನೀರು ಕಮಾನಾಗಿ ಹಾರಿ ಅಂಗಳಕ್ಕೆ ಬೀಳುತ್ತಿತ್ತು. ಮಾವನಿಗೆ ವಿಡಿಯೋ ಕಳಿಸಿದೆ. "ಈಗ ಥರ್ಮೋಸ್ಟಾಟೂ ಕಿತ್ತು ಹಾಕು" ಅಂತ ಉತ್ತರ ಬಂತು.

ಇನ್ನೊಂದು ಸಣ್ಣ ಕೆಲಸವನ್ನೂ ಮಾಡಿದೆ. ಸ್ಪಿಟ್‌ಫೈರ್ ರೇಡಿಯೇಟರಿನ ಎರಡೂ ಪಕ್ಕ ಕಾರ್ಖಾನೆಯಿಂದಲೇ ರಟ್ಟಿನ ಮರೆಗಳು ಬರುತ್ತಿದ್ದವು, ಮುಂದಿನಿಂದ ನುಗ್ಗೋ ಗಾಳಿ ಪಕ್ಕದಲ್ಲಿ ನುಣುಚಿಕೊಳ್ಳದೆ ರೇಡಿಯೇಟರ್ ಮೂಲಕವೇ ಹೋಗಲಿ ಅಂತ. ರಟ್ಟು ನೆಂದು ಹರಿದು ಎಂದೋ ಮಾಯವಾಗಿರುತ್ತದೆ, ಅದರ ಮಹತ್ವ ಯಾರಿಗೂ ನೆನಪಿರೋದಿಲ್ಲ. ತೆಳು ಪ್ಲಾಸ್ಟಿಕ್ ಹಾಳೆ ಕತ್ತರಿಸಿ ನಾನೇ ಮಾಡಿಕೊಂಡೆ. ಬ್ಲಾಕ್ ತೊಳೆದ ಮೇಲೆ ಒಮ್ಮೆ, ಮರೆ ಹಾಕಿದ ಮೇಲೆ ಒಮ್ಮೆ ಬೇರೆ ಬೇರೆಯಾಗಿ ಓಡಿಸಿ ನೋಡಿದೆ. ದೊಡ್ಡ ಇಳಿತ ಬ್ಲಾಕ್ ತೊಳೆದಿದ್ದರಿಂದ ಬಂತು, ಮರೆಯಿಂದ ಇನ್ನೊಂದು ಮೂರ್ನಾಲ್ಕು ಡಿಗ್ರಿ. ಈಗ ಅದೇ ಫಿಶ್ ಹಿಲ್ ಹತ್ತಿ ಮೇಲೆ ನಿಲ್ಲಿಸಿ ಟೇಪಿನ ಮೇಲೆ ಗನ್ ಹಿಡಿದರೆ 90ರ ಒಳಗೆ.

ಖರ್ಚಿನ ಲೆಕ್ಕ ಕೇಳೋರಿಗೆ, ರೇಡಿಯೇಟರ್ 260, ಪರೀಕ್ಷೆ ಕಿಟ್ 25, ಥರ್ಮಾಮೀಟರ್ 20, ಸ್ಟೆಬಿಲೈಸರ್ 15, ಕ್ಯಾಪ್ 8, ಹೋಸ್ ಪೈಪುಗಳು 30, ಕೂಲೆಂಟ್ 15, ಒಟ್ಟು 375 ಪೌಂಡ್ ಹತ್ತಿರ. ಎಲ್ಲಕ್ಕಿಂತ ಜಾಸ್ತಿ ಫಲ ಕೊಟ್ಟ ಕೆಲಸಕ್ಕೆ ಸೈಕಲ್ ಕಡ್ಡಿ ಮತ್ತು ನಲ್ಲಿ ನೀರು.

ಇನ್ನು ಒಂದೆರಡು ವಿಷಯ. ಬೇಸಿಗೆಯಲ್ಲಿ ಕಾರು ನಿಂತಲ್ಲೇ ಕೆಮ್ಮಿ ಆಫ್ ಆಗಿ, ಹದಿನೈದು ನಿಮಿಷ ಬಿಟ್ಟರೆ ಮತ್ತೆ ಶುರುವಾಗುತ್ತಿದ್ದರೆ, ಮುಳ್ಳು ಮಧ್ಯದಲ್ಲೇ ಇದ್ದರೆ, ಅದು ಎಂಜಿನ್ ಹೀಟ್ ಅಲ್ಲ. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಆವಿಯಾಗುತ್ತಿರಬಹುದು. ಇಲ್ಲಿ 2021ರಿಂದ ಮಾಮೂಲಿ ಪೆಟ್ರೋಲ್ ಇ10 (ಶೇಕಡಾ ಹತ್ತರವರೆಗೆ ಎಥನಾಲ್ ಬೆರೆಸಿದ್ದು) ಆಗಿದೆ, ಹಳೇ ಕಾರಿಗೆ ಇ5 ಇರೋ ಸೂಪರ್ ಹಾಕೋದು ಒಳ್ಳೆಯದು. ಕೂಲೆಂಟ್ ಹಳೇ ನಮೂನೆಯ ನೀಲಿಯದ್ದೇ ತಗೊಳ್ಳಿ, ಎರಡು ವರ್ಷಕ್ಕೊಮ್ಮೆ ಬದಲಾಯಿಸಿ, ಮತ್ತೆ ಸುಣ್ಣ ಕಟ್ಟದ ಹಾಗೆ ಡಿಸ್ಟಿಲ್ಡ್ ವಾಟರ್ ಬೆರೆಸಿ. ಖಾಲಿ ಮಾಡಿದ ಕೂಲೆಂಟ್ ಚರಂಡಿಗೆ ಬಿಡಬೇಡಿ, ಅದು ಸಿಹಿ ಇರುತ್ತದೆ, ನಾಯಿ ಬೆಕ್ಕು ನೆಕ್ಕಿದರೆ ಸಾಯುತ್ತವೆ. ಡಬ್ಬಿಗೆ ತುಂಬಿ ನಗರಸಭೆಯ ಮರುಬಳಕೆ ಕೇಂದ್ರಕ್ಕೆ ಕೊಡಿ. ತುಂಬುವಾಗ ಕಾರಿನ ಮೂತಿ ಸ್ವಲ್ಪ ಮೇಲಿರಲಿ, ಹೀಟರ್ ವಾಲ್ವ್ ತೆರೆದಿರಲಿ, ಒಳಗಿನ ಗಾಳಿ ಹೊರಗೆ ಹೋಗುತ್ತದೆ. ಮೊದಲ ವಾರ ದಿನಾ ಬೆಳಗ್ಗೆ ತಣ್ಣಗಿರುವಾಗ ಮಟ್ಟ ನೋಡಿ, ಹೋಸ್ ಕ್ಲಿಪ್ಪುಗಳನ್ನು ಇನ್ನೊಂದು ಸುತ್ತು ಬಿಗಿ ಮಾಡಿ. ನನ್ನ ಹೀಟರ್ ವಾಲ್ವ್ ಹೀಗೆ ನೋಡುವಾಗಲೇ ತೊಟ್ಟಿಕ್ಕೋದು ಗೊತ್ತಾಯಿತು, ಹೊಸದಕ್ಕೆ ಆರ್ಡರ್ ಮಾಡಿದ್ದೇನೆ, ಇನ್ನೂ ಬಂದಿಲ್ಲ.